ಲ್ಯಾಪ್‌ಟಾಪ್ ನಿಂತ ಮೂವತ್ತೆಂಟು ಸೆಕೆಂಡು

ಬೆಳಿಗ್ಗೆ ಎದ್ದರೆ ಜನ ಹಲ್ಲುಜ್ಜುತ್ತಾರೆ. ನಮ್ಮ ಮನೆಯವರು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಿದ್ದರು. ಒತ್ತಿ, ಬಚ್ಚಲಿಗೆ ಹೋಗಿ, ಹಲ್ಲುಜ್ಜಿ, ಗಡ್ಡ ಹೆರೆದುಕೊಂಡು, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದು ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ ಅದು ಕಣ್ಣು ಬಿಟ್ಟಿರುತ್ತಿತ್ತು. ಬಿಟ್ಟಿಲ್ಲವೆಂದರೆ ಆ ದಿನ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಯಾರೂ ಎಂದರೆ ನಾನೇ. ಕೆಳಗಿನ ಮನೆಯಲ್ಲಿ ಇರುವುದು ನಾವಿಬ್ಬರು, ಮೇಲೆ ನನ್ನ ತಮ್ಮನ ಸಂಸಾರ.

ಅದರ ಮುಚ್ಚಳ ಪೂರ್ತಿ ಮುಚ್ಚಿದರೆ ನಿದ್ದೆಗೆ ಜಾರಿ ಮತ್ತೆ ಏಳುವುದಿಲ್ಲ ಎಂಬ ಭಯಕ್ಕೆ ಇವರು ನಡುವೆ ನನ್ನ ಮರದ ಸೌಟು ಸಿಕ್ಕಿಸಿಡುತ್ತಿದ್ದರು. ಬಸ್ಸಿನಲ್ಲಿ ಹೋಗುವಾಗಲೂ ಸೌಟು ಅಲ್ಲೇ. ಅರವತ್ತೊಂದು ವರ್ಷದ ಗಂಡಸು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೀಲದಿಂದ ಸೌಟಿನ ಹಿಡಿ ಹೊರಗೆ ಇಣುಕುತ್ತಿರುವಾಗ ಕಾಲೇಜಿನ ಗೇಟು ದಾಟುವುದನ್ನು ನೀವು ನೋಡಬೇಕಿತ್ತು. ಕಾವಲುಗಾರ ಒಂದು ದಿನ, "ಕ್ಯಾಂಟೀನಿಗಾ ಸರ್?" ಎಂದು ಕೇಳಿದನಂತೆ. ಇವರು ಮನೆಗೆ ಬಂದು ಅದನ್ನು ನಗದೆ ಹೇಳಿದರು. ನಾನು ಮಾತ್ರ ಬಿದ್ದು ಬಿದ್ದು ನಕ್ಕೆ.

ಇವರು ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಶೀಘ್ರಲಿಪಿಕಾರರಾಗಿದ್ದವರು. ಊರಿಗೆಲ್ಲ ಸ್ಟೆನೋ ಸರ್. ಮೇಲಧಿಕಾರಿ ಹೇಳಿದ್ದನ್ನು ಬರೆಯುವುದು, ಬರೆದದ್ದನ್ನು ಟೈಪು ಮಾಡುವುದು, ಅದರಲ್ಲಿ ತನ್ನದೊಂದು ಅಲ್ಪವಿರಾಮವೂ ಸೇರದಂತೆ ನೋಡಿಕೊಳ್ಳುವುದು. ಮದುವೆಯ ಹೊಸದರಲ್ಲಿ ನಾನು ಒಂದು ಸಂಜೆ ಇವರ ಜನ್ಮ ಜಾಲಾಡಿಬಿಟ್ಟಿದ್ದೆ. ಇವರು ತುಟಿ ಬಿಚ್ಚದೆ ಕೂತು ಏನೋ ಗೀಚುತ್ತಿದ್ದರು. ಒಂದು ವಾರದ ಮೇಲೆ, "ಅವತ್ತು ನೀನು ಅಂದಿದ್ದು ಇದು" ಎಂದು ಓದಿ ಹೇಳಿದರು ನೋಡಿ, ನನ್ನ ಒಂದು ಬೈಗುಳವೂ ಬಿಟ್ಟುಹೋಗಿರಲಿಲ್ಲ, ನಡುವೆ ನಾನು ಕೆಮ್ಮಿದ್ದೂ ಇತ್ತು. ಅಂಥ ಮನುಷ್ಯ. ತನಗೆ ಏನನ್ನಿಸುತ್ತದೆ ಎಂದು ಕೇಳಿದರೆ ಮಾತ್ರ, "ಯಾರಿಗೆ? ನನಗಾ?" ಎನ್ನುತ್ತಾರೆ.

ಭಯಸ್ಥರು ಅಂದರೆ ಭಯಸ್ಥರು. ಬೀಗ ಹಾಕಿ ಮೂರು ಸಲ ಎಳೆಯುತ್ತಾರೆ. ಬೀದಿಯ ಕೊನೆ ತನಕ ಹೋಗಿ ನಾಲ್ಕನೆಯ ಸಲ ಎಳೆಯಲು ವಾಪಸ್ಸು ಬರುತ್ತಾರೆ.

ನಿವೃತ್ತಿಯಾದ ಮೇಲೆ ಔಷಧ ವಿಜ್ಞಾನದ ಕಾಲೇಜಿನಲ್ಲಿ ಒಂದು ಕೆಲಸ ಸಿಕ್ಕಿತು. ಅಲ್ಲಿ ಒಬ್ಬ ಹುಡುಗಿ ಓದುತ್ತಿದ್ದಳು. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಚೆನ್ನಾಗಿ ಆಡುತ್ತಾಳೆ, ಕೇಳಿಸುವುದಿಲ್ಲ. ತರಗತಿಯಲ್ಲಿ ಇವರು ಅವಳ ಪಕ್ಕ ಕೂತು ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಟೈಪು ಮಾಡಬೇಕು, ಅವಳು ಪರದೆಯ ಮೇಲೆ ಓದಿಕೊಳ್ಳಬೇಕು. ಈಗಿನ ಫೋನುಗಳು ತಾವೇ ಕೇಳಿಸಿಕೊಂಡು ಬರೆಯುತ್ತವಂತೆ, ಅವಳೂ ಮೊದಲು ಅದನ್ನೇ ಇಟ್ಟುಕೊಂಡಿದ್ದಳು. ಅದು ಔಷಧಿಯ ಹೆಸರುಗಳನ್ನೆಲ್ಲ ತನಗೆ ತೋಚಿದ ಹಾಗೆ ಬರೆದು ಅವಳ ಜೀವ ತಿಂದಿತು. ಅಲ್ಲದೆ ಪರೀಕ್ಷೆಯ ಕೋಣೆಗೆ ಫೋನು ಬಿಡುವುದಿಲ್ಲ.

ಇವರಿಗೆ ಆ ಕೆಲಸ ಹಿಡಿಸಿತು. ದೊಡ್ಡ ದೊಡ್ಡ ಪದಗಳಿಗೆಲ್ಲ ಎರಡಕ್ಷರದ ಗುರುತು ಮಾಡಿಕೊಂಡರು. ಎರಡಕ್ಷರ ಒತ್ತಿ, ಪದಗಳ ನಡುವೆ ಜಾಗ ಬಿಡುವ ಅಂತರದ ಕೀಲಿ ಕುಟ್ಟಿದರೆ ಇಡೀ ಪದ ಬರುತ್ತದೆ. ಮೂರು ವರ್ಷದಲ್ಲಿ ಅಂಥ ನಾಲ್ಕು ಸಾವಿರ ಗುರುತುಗಳು ಆ ಲ್ಯಾಪ್‌ಟಾಪಿನೊಳಗೆ ಸೇರಿದವು. ಬೇರೆ ಕಂಪ್ಯೂಟರ್ ಕೊಟ್ಟರೆ ಇವರು ಕೈ ಕಟ್ಟಿಹಾಕಿದವರ ಹಾಗೆ. ಇನ್ನು ಇವರದೊಂದು ನಿಯಮ, ಕಚೇರಿಯಿಂದ ಹೊತ್ತು ತಂದದ್ದು: ಬರೆಯುವವನು ಕೋಣೆಯೊಳಗೆ ಇಲ್ಲ. ಕುರ್ಚಿ ಇದ್ದ ಹಾಗೆ ಇರಬೇಕು. ಕೆಮ್ಮಬಾರದು, ನಗಬಾರದು, ಮಾತಂತೂ ಆಡಲೇಬಾರದು.

ಎಂಟು ತಿಂಗಳ ಹಿಂದೆ ಆ ಹುಡುಗಿಯ ಕೊನೆಯ ಮೌಖಿಕ ಪರೀಕ್ಷೆ ಆಯಿತು. ಅದೊಂದು ಪಾಸಾದರೆ ಔಷಧಿ ಮಾರುವ ಪರವಾನಗಿ, ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ. ಪ್ರಶ್ನೆ ಕೇಳುತ್ತಿದ್ದವರು ಪೊದೆ ಮೀಸೆಯ ಪರೀಕ್ಷಕರು, ತುಟಿ ಆಡುವುದೇ ಕಾಣದು. ನಾಲ್ಕನೆಯ ಪ್ರಶ್ನೆಯ ಮಧ್ಯದಲ್ಲಿ ಲ್ಯಾಪ್‌ಟಾಪು ನಿಂತುಹೋಯಿತು. ಒಳಗಿನ ಡಿಸ್ಕು ಕಟಕಟ ಎಂದಿತು, ಪರದೆ ಕಲ್ಲಾಯಿತು. ಎದುರಿನ ಗೋಡೆಯ ಗಡಿಯಾರದಲ್ಲಿ ಇವರು ಎಣಿಸಿದರಂತೆ, ಮೂವತ್ತೆಂಟು ಸೆಕೆಂಡು. ಆಮೇಲೆ ಎದ್ದಿತು, ಪ್ರಶ್ನೆ ಬಂತು, ಅವಳು ಉತ್ತರ ಹೇಳಿದಳು. ಕೇಳಿದ್ದೇ ಒಂದು, ಹೇಳಿದ್ದೇ ಒಂದು ಎಂದು ಮೀಸೆಯವರು ಮುಖ ಗಂಟು ಹಾಕಿಕೊಂಡರು. ಅವಳು ಫೇಲಾದಳು.

"ಮಷೀನು ಕೈಕೊಡ್ತು" ಎಂದು ಇವರು ಮನೆಗೆ ಬಂದು ಹೇಳಿದರು. ಆ ದಿನ ಊಟ ಮಾಡಲಿಲ್ಲ. ನಾನೂ ಆ ಡಬ್ಬಕ್ಕೆ ಬಾಯಿತುಂಬ ಶಾಪ ಹಾಕಿದೆ.

ಈಗ ಮರುಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಇದರಲ್ಲೂ ತಪ್ಪಿದರೆ ಇನ್ನೊಂದು ವರ್ಷ, ಆದರೆ ಆ ಇನ್ನೊಂದು ವರ್ಷ ಸಿಗುವುದಿಲ್ಲ. ಅವಳಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಆಗದ್ದಕ್ಕೆ ಕೈ ಹಾಕೋದು ಸಾಕು, ಮನೇಲಿರು.

ನನ್ನ ತಮ್ಮ ಸ್ವಲ್ಪ ಕಂಪ್ಯೂಟರ್ ತಿಳಿದವನು. ಮೆಟ್ಟಿಲಿಳಿದು ಬಂದು ಸೌಟು ತೆಗೆದು, ಡಿಸ್ಕಿನ ಸದ್ದಿಗೆ ಕಿವಿಕೊಟ್ಟು, "ಭಾವ, ಇದರೊಳಗೆ ಒಂದು ತಟ್ಟೆ ತಿರುಗ್ತಿರುತ್ತೆ, ಒಂದು ಮುಳ್ಳು ಓಡಾಡ್ಕೊಂಡು ಹುಡುಕ್ತಿರುತ್ತೆ. ಅದಕ್ಕೆ ವಯಸ್ಸಾಗಿದೆ. ಈಗ ತಟ್ಟೆನೂ ಇಲ್ಲ ಮುಳ್ಳೂ ಇಲ್ಲದ ಡಿಸ್ಕ್ ಬಂದಿದೆ, ಕೇಳಿದ ತಕ್ಷಣ ಕೊಡುತ್ತೆ. ಹಾಕ್ಸಿಬಿಡಿ" ಎಂದ.

"ಎಷ್ಟಾಗುತ್ತೆ?"

"ಎಲ್ಲಾ ಸೇರಿ ಆರೂವರೆ ಸಾವಿರ."

ಇವರು ನನ್ನ ಮುಖ ನೋಡಿದರು. ಯಾಕೆಂದರೆ ಮನೆಯಲ್ಲಿ ಆರೂವರೆ ಸಾವಿರ ಇತ್ತು, ಅದು ನನ್ನ ಹಲ್ಲಿಗೆ ಎತ್ತಿಟ್ಟದ್ದು. ಎಡಗಡೆಯ ದವಡೆ ಹಲ್ಲಿಗೆ ಕ್ಯಾಪು ಹಾಕಿಸಬೇಕಿತ್ತು. ಆರು ತಿಂಗಳಿಂದ ನಾನು ಬಲಗಡೆಯೊಂದರಲ್ಲೇ ಅಗಿಯುತ್ತಿದ್ದೆ.

"ನೋಡೋಣ, ಯೋಚನೆ ಮಾಡೋಣ" ಎಂದರು ಇವರು.

ಯೋಚನೆ ಮಾಡಿದರು, ಅಬ್ಬಬ್ಬಾ! ಮೊದಲನೆಯ ದಿನ, ಎಂಟು ವರ್ಷದ ಲ್ಯಾಪ್‌ಟಾಪಿಗೆ ಹೊಸ ಡಿಸ್ಕು ಹಾಕಿ ಪ್ರಯೋಜನವೇನು, ನಾಳೆ ಪರದೆ ಹೋದರೆ? ಎರಡನೆಯ ದಿನ, ಹೊಸ ಲ್ಯಾಪ್‌ಟಾಪನ್ನೇ ಕೊಂಡರೆ? ಅದಕ್ಕೆ ಇದರ ಎಂಟರಷ್ಟು ಎಂದು ತಮ್ಮ ಹೇಳಿದ ಮೇಲೆ ಬಾಯಿ ಮುಚ್ಚಿತು. ಮೂರನೆಯ ದಿನ ಒಂದು ಕಾಗದದಲ್ಲಿ ಡಿಸ್ಕು ಯಾವ ಯಾವಾಗ ಎಷ್ಟೆಷ್ಟು ಸೆಕೆಂಡು ನಿಲ್ಲುತ್ತದೆ ಎಂದು ಬರೆಯಲು ಕೂತರು. ಬೆಳಿಗ್ಗೆ ಹನ್ನೊಂದು ಸೆಕೆಂಡು, ಮಧ್ಯಾಹ್ನ ಇಪ್ಪತ್ತು, ಸಂಜೆ ಒಂಬತ್ತು. "ಕಮ್ಮಿಯಾಗ್ತಿದೆ ನೋಡು" ಎಂದು ನನಗೆ ತೋರಿಸಲು ಬಂದರು. ಸಂಜೆ ಕಮ್ಮಿಯಾದದ್ದು ಇವರು ಸಂಜೆ ಟೈಪು ಮಾಡದೆ ಬರೀ ಎಣಿಸುತ್ತ ಕೂತಿದ್ದರಿಂದ.

ನಾಲ್ಕನೆಯ ದಿನ ನಾನೇ ಹೇಳಿದೆ: "ರೀ, ನನ್ನ ಹಲ್ಲು ಎಲ್ಲೂ ಓಡಿಹೋಗಲ್ಲ. ಆ ದುಡ್ಡಲ್ಲಿ ಡಿಸ್ಕ್ ಹಾಕ್ಸಿ."

ಸಂತೋಷಪಡಬೇಕಾದ ಮನುಷ್ಯ ಬೆವತುಬಿಟ್ಟರು. "ಅಲ್ಲ ಕಣೇ, ನಿನ್ನ ಹಲ್ಲು ಮುಖ್ಯ ಅಲ್ವಾ? ನೋವಿದೆ ಅಲ್ವಾ?"

"ಆರು ತಿಂಗಳಿಂದ ಇಲ್ಲದ ಕನಿಕರ ಇವತ್ತು ಎಲ್ಲಿಂದ ಬಂತು?"

ಆಗಲೇ ನನಗೆ ಅನುಮಾನ ಬಂದದ್ದು. ಇವರಿಗೆ ದುಡ್ಡಿನ ಚಿಂತೆಯಲ್ಲ. ಒಂದು ನೆಪ ಮುರಿದರೆ ಇನ್ನೊಂದು ಕೈಗೆತ್ತಿಕೊಳ್ಳುತ್ತಿದ್ದರು. ಯಾರಾದರೂ ಬೇಡ ಅಂದುಬಿಡಲಿ ಎಂದು ಕಾಯುತ್ತಿದ್ದರು. ಯಾಕೆ ಎಂದು ಮಾತ್ರ ನನಗೆ ಬಗೆಹರಿಯಲಿಲ್ಲ. ಸಿಟ್ಟು ಬಂತು. ಸೀರೆ ಬದಲಿಸಿ, ಲ್ಯಾಪ್‌ಟಾಪನ್ನು ಸೌಟಿನ ಸಮೇತ ಚೀಲಕ್ಕೆ ಹಾಕಿ, "ನಡೀರಿ" ಎಂದೆ.

ರಿಪೇರಿ ಅಂಗಡಿ ಎಂದರೆ ಎರಡಾಳು ನಿಂತರೆ ತುಂಬುವ ಗೂಡು. ಅಂಗಡಿಯವನು ಸೌಟನ್ನು ತೆಗೆದು ಮರ್ಯಾದೆಯಿಂದ ಪಕ್ಕಕ್ಕಿಟ್ಟ. "ಹಳೇದರಲ್ಲಿರೋದೆಲ್ಲ ಹೊಸದಕ್ಕೆ ಹಾಗೇ ಇಳಿಸ್ತೀನಿ ಸರ್. ಆದ್ರೆ ಹಳೇದು ನಡುವಲ್ಲಿ ಕೈಕೊಟ್ರೆ ನನ್ನನ್ನ ಕೇಳ್ಬಾರದು."

"ಕೈಕೊಡುತ್ತಾ?" ಎಂದರು ಇವರು.

"ಕೊಡಬಹುದು, ಕೊಡದೇನೂ ಇರಬಹುದು. ಮೂರು ಗಂಟೆ ಹಿಡಿಯುತ್ತೆ, ಮನೆಗೆ ಹೋಗಿ ಬನ್ನಿ."

ಹೋಗುವವರಾ? ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದರು. ನೂರರಲ್ಲಿ ಹದಿನೇಳು. ಹದಿನೆಂಟು. ನಲವತ್ತೊಂದರಲ್ಲಿ ಅಂಕಿ ನಿಂತಿತು. ಡಿಸ್ಕು ಕಟಕಟ ಎಂದಿತು. ಇವರು ನನ್ನ ಮುಂಗೈ ಹಿಡಿದರು. ಮೂವತ್ತು ವರ್ಷದಲ್ಲಿ ಬೀದಿಯಲ್ಲಿ ನನ್ನ ಕೈ ಹಿಡಿದವರಲ್ಲ. ನಾಲ್ಕು ಸಾವಿರ ಗುರುತುಗಳು ಅದರೊಳಗಿದ್ದವು, ಎಂಟು ದಿನದಲ್ಲಿ ಪರೀಕ್ಷೆ. ಬಲವಂತ ಮಾಡಿ ಕರೆತಂದವಳು ನಾನೇ ತಾನೆ! ಅಂಗಡಿಯವನು ಡಿಸ್ಕಿನ ಬೆನ್ನು ತಟ್ಟಿ, ಸುಮ್ಮನೆ ಕಾದ. ನಲವತ್ತೆರಡು ಬಂತು. ಇವರು ಕೈ ಬಿಟ್ಟರು, ಬೆರಳಿನ ಗುರುತು ಮೂಡಿತ್ತು.

ನೂರಾಯಿತು. ಹೊಸ ಡಿಸ್ಕು ಹಾಕಿ ಗುಂಡಿ ಒತ್ತಿದರೆ, ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಲ್ಯಾಪ್‌ಟಾಪು ಎದ್ದು ಕೂತಿತ್ತು. ಗುರುತುಗಳೆಲ್ಲ ಇದ್ದವು. ನಾನು "ಅಯ್ಯೋ ದೇವರೇ, ಇಷ್ಟು ಬೇಗನಾ!" ಎಂದೆ. ಇವರ ಮುಖದಲ್ಲಿ ಮಾತ್ರ ಕಳೆಯಿಲ್ಲ.

ಮನೆಗೆ ಬಂದು ಅಭ್ಯಾಸ ಶುರುವಾಯಿತು. ನಾನು ಪತ್ರಿಕೆ ಓದುವುದು, ಇವರು ಟೈಪು ಮಾಡುವುದು. ಮೊದಲ ಸಾಲೇ ನಗೆಪಾಟಲು. "ಸರಕಾರ ಸರಕಾರ ಆಸ್ಪತ್ರೆಗಳಿಗೆ ಆಸ್ಪತ್ರೆಗಳಿಗೆ ಔಷಧಿ ಔಷಧಿ" ಎಂದು ಪರದೆಯ ತುಂಬ ಜೋಡಿ ಪದಗಳು. ಹಳೆಯ ಡಿಸ್ಕು ಮೊದಲನೆಯ ಏಟನ್ನು ನುಂಗಿಹಾಕುತ್ತಿದ್ದರಿಂದ ಅಂತರದ ಕೀಲಿಯನ್ನು ಎರಡೆರಡು ಸಲ ಕುಟ್ಟುವುದು ಇವರಿಗೆ ರೂಢಿಯಾಗಿಹೋಗಿತ್ತು. ಹೊಸದು ಏನನ್ನೂ ನುಂಗುವುದಿಲ್ಲ, ಎರಡು ಸಲ ಕುಟ್ಟಿದರೆ ಪದವನ್ನು ಎರಡು ಸಲ ಕೊಡುತ್ತದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು, ಎರಡನೆಯ ಏಟಿಗೆ ಅದು ಏಳದ ಹಾಗೆ ಮಾಡಿಕೊಂಡು, ದಿನಕ್ಕೆ ಆರಾರು ಗಂಟೆ ಕೂತರು. ಮೂರು ದಿನಕ್ಕೆ ಹೆಬ್ಬೆರಳು ಮಾತು ಕೇಳಿತು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತು, ಪತ್ರಿಕೆಯನ್ನು ಕಿಟಕಿಗೆ ಒರಗಿಸಿ ಓದುತ್ತಿದ್ದೆ. ಇವರಿಗೆ ಬೆನ್ನು. ಪುಟ ಮುಗಿದ ಮೇಲೆ ಬಂದು ಪರದೆ ನೋಡಿದೆ. ಸಾಲುಗಳು ಚೊಕ್ಕವಾಗಿದ್ದವು, ಆದರೆ ಪತ್ರಿಕೆಯಲ್ಲಿ ಇದ್ದದ್ದಲ್ಲ. "ಸೇತುವೆಯ ಕಾಮಗಾರಿ ಮಳೆಯಿಂದ ನಿಂತಿದೆ" ಎಂದು ನಾನು ಓದಿದ್ದರೆ ಅಲ್ಲಿ "ಸೇತುವೆಯ ಕಾಮಗಾರಿ ಹಣವಿಲ್ಲದೆ ನಿಂತಿದೆ" ಎಂದಿತ್ತು. ವಾಕ್ಯಕ್ಕೇನೂ ಊನವಿಲ್ಲ, ಓದಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಷೀನು ಒಂದು ಕ್ಷಣವೂ ನಿಂತಿರಲಿಲ್ಲ.

"ರೀ," ಎಂದೆ, "ಇದು ನಾನು ಓದಿದ್ದಲ್ಲ."

ಇವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಇವರ ಬೆನ್ನ ಹಿಂದೆ ಸರಿದು, ಮೆಲ್ಲಗೆ, "ಹಲ್ಲು ನೋಯ್ತಿದೆ" ಎಂದೆ. ಉತ್ತರವಿಲ್ಲ. ಇನ್ನೊಂದು ಸಲ ಎಂದೆ. ಇಲ್ಲ. ಎದುರು ಹೋಗಿ ನಿಂತು ಕೇಳಿದೆ: "ಎಷ್ಟು ದಿನದಿಂದ ಕೇಳಿಸ್ತಿಲ್ಲ?"

"ಎದುರಿಗಿದ್ರೆ ಕೇಳ್ಸುತ್ತೆ" ಎಂದರು. "ಆ ಕಡೆ ತಿರುಗಿದ್ರೆ, ಫ್ಯಾನ್ ಸದ್ದಿದ್ರೆ, ಸಾಲಿನ ಕೊನೆ ಜಾರಿಹೋಗುತ್ತೆ. ಒಂದು ವರ್ಷ ಆಯ್ತೇನೋ."

"ಅವತ್ತು ಪರೀಕ್ಷೇಲಿ?"

ಆಗ ಹೇಳಿದರು. ಲ್ಯಾಪ್‌ಟಾಪು ನಿಂತದ್ದು ನಿಜ. ಮೂವತ್ತೆಂಟು ಸೆಕೆಂಡು ಪ್ರಶ್ನೆಯನ್ನು ತಲೆಯಲ್ಲಿ ಹಿಡಿದುಕೊಂಡದ್ದೂ ನಿಜ, ಅದು ಇವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಪ್ರಶ್ನೆಯ ಕೊನೆಯ ತುಂಡು ಕೇಳಿಸಿರಲೇ ಇಲ್ಲ, ಮೀಸೆಯವರು ಕಿಟಕಿಯ ಕಡೆ ತಿರುಗಿ ಹೇಳಿದ್ದರು. "ಈ ಎರಡು ಔಷಧಿಯನ್ನು ಒಟ್ಟಿಗೆ ಕೊಡುವಾಗ" ಎಂಬಲ್ಲಿವರೆಗೆ ಕೇಳಿಸಿತ್ತು. ಪರದೆ ಎದ್ದ ಕೂಡಲೇ ಇವರ ಬೆರಳು, "ಮಕ್ಕಳಿಗೆ ಎಷ್ಟು ಕೊಡಬೇಕು?" ಎಂದು ಮುಗಿಸಿತು. ಅವರು ಕೇಳಿದ್ದು ವಯಸ್ಸಾದವರಿಗೆ ಏನು ಅಪಾಯ ಎಂದು. ಅದು ಗೊತ್ತಾದದ್ದು ಆಮೇಲೆ, ಮೀಸೆಯವರು ಗದರಿದಾಗ.

"ಮೂವತ್ತನಾಲ್ಕು ವರ್ಷ ಯಾರ ಮಾತಿಗೂ ನನ್ನದೊಂದು ಅಕ್ಷರ ಸೇರಿಸಿರ್ಲಿಲ್ಲ ಕಣೇ" ಎಂದರು. "ಅವಳಿಗೆ ಗೊತ್ತಿಲ್ಲ. ಪ್ರಶ್ನೆ ತಾನೇ ಸರಿಯಾಗಿ ಓದಲಿಲ್ಲ ಅಂದ್ಕೊಂಡಿದ್ದಾಳೆ. ಮಷೀನ್ ಹಳೇದು ಅನ್ನೋವರೆಗೆ ತಪ್ಪೆಲ್ಲ ಅದರ ತಲೆ ಮೇಲೆ ಇರ್ತಿತ್ತು. ಆರೂವರೆ ಸಾವಿರ ಕೊಟ್ಟು ಹೊಸದು ಹಾಕಿದ್ಮೇಲೂ ತಪ್ಪಿದ್ರೆ, ಆಗ ಯಾರ ಮೇಲೆ ಹಾಕ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಮರುಕವೂ ಆಯಿತು, ಆದರೆ ಸಿಟ್ಟು ಮೊದಲು ಬಂತು. ಒಂದು ಹುಡುಗಿ ತನ್ನನ್ನು ತಾನು ದಡ್ಡಿ ಎಂದುಕೊಂಡು ಎಂಟು ತಿಂಗಳು ಕಳೆದಿದ್ದಾಳೆ, ಈ ಮನುಷ್ಯ ಡಿಸ್ಕಿನ ಸೆಕೆಂಡು ಎಣಿಸುತ್ತ ಕೂತಿದ್ದಾರೆ!

"ಈಗ್ಲೇ ಅವಳಿಗೆ ಹೇಳಿ."

"ಈಗ ಹೇಳಿದ್ರೆ ನನ್ನ ಪರದೆ ನಂಬಿ ಹೇಗೆ ಕೂರ್ತಾಳೆ? ನಾಲ್ಕು ದಿನದಲ್ಲಿ ಇನ್ನೊಬ್ಬರು ಸಿಕ್ತಾರಾ? ಪರೀಕ್ಷೆ ಮುಗೀಲಿ, ಹೇಳ್ತೀನಿ."

ಅದರಲ್ಲಿ ಅರ್ಥವಿತ್ತು. ಕಿವಿ ಡಾಕ್ಟರಿಗೆ ಫೋನು ಮಾಡಿದರೆ ಎರಡು ವಾರ ಕಾಯಬೇಕೆಂದರು. ನಾನು ಒಂದೇ ಮಾತು ಹೇಳಿದೆ: "ಸರಿ. ಆದ್ರೆ ಕೇಳಿಸದಿದ್ರೆ ಕೇಳಿಸಲಿಲ್ಲ ಅಂತ ಹೇಳಿ. ಬಾಯಿಬಿಟ್ಟು ಕೇಳಿ."

"ಬರೆಯೋನು ಮಾತಾಡೋ ಹಾಗಿಲ್ಲ."

"ಸುಳ್ಳು ಬರೆಯೋ ಹಾಗಿದೆಯಾ?"

ಇವರು ಪತ್ರಿಕೆ ಮಡಿಸಿಟ್ಟು, ಬಾಗಿಲ ಬೀಗ ಎಳೆದು ನೋಡಲು ಎದ್ದು ಹೋದರು. ಆ ನಾಲ್ಕು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಹಾಲು ಎರಡು ಸಲ ಉಕ್ಕಿತು.

ಪರೀಕ್ಷೆಯ ದಿನ ಚಾರ್ಜರ್ ಹಿಡಿದುಕೊಳ್ಳುವ ನೆಪದಲ್ಲಿ ನಾನೂ ಹೋದೆ. ಸೌಟು ಮನೆಯಲ್ಲೇ ಉಳಿಯಿತು. ಹುಡುಗಿ ಕಾಲೇಜಿನ ಪಡಸಾಲೆಯಲ್ಲಿ ಕಾಯುತ್ತಿದ್ದಳು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಬೆವರಿನಿಂದ ಮೆತ್ತಗಾದ ಪ್ರವೇಶ ಚೀಟಿ. ನನ್ನನ್ನು ನೋಡಿ ನಗಲು ನೋಡಿದಳು, ಆಗಲಿಲ್ಲ. "ಹೊಸ ಡಿಸ್ಕಂತೆ, ಇವತ್ತು ನಿಲ್ಲಲ್ಲ ಅಲ್ವಾ ಆಂಟಿ?" ಎಂದಳು. ನಾನು ತಲೆಯಾಡಿಸಿದೆ.

ಒಳಗೆ ಸೆಕೆ ಎಂದು ಬಾಗಿಲು ಅರ್ಧ ತೆರೆದಿದ್ದರು. ಬೆಂಚಿನ ಮೇಲಿಂದ ನನಗೆ ಇವರ ಬೆನ್ನೂ ಅವಳ ಜಡೆಯೂ ಕಾಣುತ್ತಿದ್ದವು. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಮೇಜಿನಾಚೆ ಅದೇ ಮೀಸೆ. ಮೊದಲ ಪ್ರಶ್ನೆ ಬಂತು, ಇವರ ಬೆರಳು ಓಡಿತು, ಅವಳು ಉತ್ತರ ಹೇಳಿದಳು. ಎರಡನೆಯದೂ ಆಯಿತು. ಮೂರನೆಯ ಪ್ರಶ್ನೆ ಹೇಳುತ್ತ ಮೀಸೆಯವರು ಪಕ್ಕದ ಕಡತ ಎಳೆದುಕೊಳ್ಳಲು ಬಾಗಿದರು, ದನಿ ಮೇಜಿನ ಕೆಳಗೆ ಹೋಯಿತು. ನಾನು ಮೈಯೆಲ್ಲ ಕಿವಿಯಾಗಿ ಕೂತಿದ್ದೆ, ನನಗೇ ಅರ್ಧ ಕೇಳಿಸಲಿಲ್ಲ. ಇವರ ಬೆರಳು ನಿಂತಿತು. ಬೆನ್ನು ಸೆಟೆಯಿತು. ನಾನು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬರೀಬೇಡಿ, ರೀ, ಏನೂ ಬರೀಬೇಡಿ ಎಂದು ಮನಸ್ಸಿನಲ್ಲೇ ಕೂಗಿದೆ.

ಇವರ ಬಲಗೈ ಮೇಲೆ ಹೋಯಿತು, ಶಾಲೆಯ ಮಗುವಿನ ಹಾಗೆ.

"ಕ್ಷಮಿಸಿ ಸರ್. ಕೇಳಿಸಲಿಲ್ಲ."

ಮೀಸೆಯವರು ತಲೆಯೆತ್ತಿದರು. "ಅವರಿಗೆ ಕೇಳಿಸಲ್ಲ ಅಂತ ಗೊತ್ತಲ್ರೀ, ಅದಕ್ಕೇ ತಾನೆ ನೀವಿರೋದು?"

"ಅವಳಿಗಲ್ಲ ಸರ್. ನನಗೆ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ, ಈ ಕಡೆ ನೋಡಿ ಹೇಳಿ." ಹೇಳುತ್ತಲೇ ಅದನ್ನೂ ಟೈಪು ಮಾಡಿದರು. ಜಡೆ ಸರಕ್ಕನೆ ಇವರ ಕಡೆ ತಿರುಗಿತು.

ಮೀಸೆಯವರು ಇನ್ನೊಂದು ಸಲ ಹೇಳಿದರು, ಗಟ್ಟಿಯಾಗಿ. ಆಮೇಲೆ ಇವರು ಇನ್ನೆರಡು ಸಲ ಕೈ ಎತ್ತಿದರು. ಮೂರನೆಯ ಸಲ ಕೈ ಎತ್ತಿದಾಗ ಅವರೇ ಫ್ಯಾನು ಆರಿಸಲು ಹೇಳಿದರು. ಹುಡುಗಿಯ ದನಿ ಕೊನೆಯವರೆಗೂ ಎಲ್ಲೂ ತಡವರಿಸಲಿಲ್ಲ.

ಹೊರಗೆ ಬಂದ ಮೇಲೆ ಫಲಿತಾಂಶಕ್ಕೆ ಅರ್ಧ ಗಂಟೆ ಕಾಯಬೇಕಿತ್ತು. ಬೆಂಚಿನ ಮೇಲೆ ಇವರು ನಡುವೆ, ಆ ಕಡೆ ಅವಳು, ಈ ಕಡೆ ನಾನು. ಲ್ಯಾಪ್‌ಟಾಪು ಇವರ ತೊಡೆಯ ಮೇಲೆ ತೆರೆದೇ ಇತ್ತು. ಅವಳು ಕೇಳಿದಳು: "ಸರ್, ಮೂರು ವರ್ಷದಿಂದ ಒಂದು ದಿನವೂ ಕೈ ಎತ್ತಿಲ್ಲ. ಇವತ್ತು ಯಾಕೆ ಎತ್ತಿದ್ರಿ?"

ಇವರು ಕೀಲಿಗಳ ಮೇಲೆ ಬೆರಳಿಟ್ಟರು. ಹಳೆಯ ಡಿಸ್ಕಿನಲ್ಲಿ ಒತ್ತಿದ್ದು ಪರದೆಗೆ ಬರುವಷ್ಟರಲ್ಲಿ ಒಂದು ಉಸಿರಿನಷ್ಟು ಹೊತ್ತು ಸಿಗುತ್ತಿತ್ತಂತೆ, ಆ ಹೊತ್ತಿನಲ್ಲಿ ಈ ಮಾತನ್ನೇ ಎಷ್ಟೋ ಸಲ ಬರೆದು ಅಳಿಸಿದ್ದಾರಂತೆ. ಈಗ ಆ ಹೊತ್ತು ಇಲ್ಲ. ಬೆರಳು ತಾಗಿದ ಹಾಗೆ ಸಾಲುಗಳು ಬಂದವು:

ಹೋದ ಸಲವೂ ನನಗೆ ಕೇಳಿಸಿರಲಿಲ್ಲ. ನಾಲ್ಕನೆಯ ಪ್ರಶ್ನೆಯ ಕೊನೆ ಅವರು ಹೇಳಿದ್ದಲ್ಲ. ನಾನು ಸೇರಿಸಿದ್ದು. ನೀನು ತಪ್ಪು ಓದಿರಲಿಲ್ಲ.

ಅವಳು ಓದಿದಳು. ಮತ್ತೆ ಓದಿದಳು. ತನ್ನ ದನಿ ತನಗೆ ಕೇಳಿಸದ್ದರಿಂದ ಅವಳ ಮಾತು ಸಿಟ್ಟು ಬಂದಾಗ ಇಡೀ ಪಡಸಾಲೆಗೆ ಕೇಳಿಸುತ್ತದೆ. "ಎಂಟು ತಿಂಗಳು ಸರ್! ಎಂಟು ತಿಂಗಳು ನಾನು ದಡ್ಡಿ ಅಂದ್ಕೊಂಡಿದ್ದೆ. ಅಪ್ಪಾನೂ ಹಾಗೇ ಅಂದ್ರು. ಒಂದು ಸಾಲು ಬರೆದು ಹೇಳೋಕೆ ಆಗ್ಲಿಲ್ವಾ ನಿಮ್ಗೆ?"

ಜನ ತಿರುಗಿ ನೋಡಿದರು. ಅವಳು ಎದ್ದು ಪಡಸಾಲೆಯ ಆ ತುದಿಯ ನಲ್ಲಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಇವರು ಅಲ್ಲಾಡಲಿಲ್ಲ. ನಾನು ಇವರ ಪರ ಒಂದು ಮಾತೂ ಆಡಲಿಲ್ಲ, ಆಡುವ ಮನಸ್ಸೂ ಇರಲಿಲ್ಲ. ಇವರ ಕಣ್ಣಿಂದ ನೀರಿಳಿದು ಕನ್ನಡಕದ ಕೆಳಗೆ ನಿಂತದ್ದನ್ನು ನೋಡಿ ಸೆರಗು ಕೊಟ್ಟೆ, ಅಷ್ಟೆ.

ಗುಮಾಸ್ತರು ಕಾಗದ ಹಿಡಿದುಕೊಂಡು ಬಾಗಿಲಿಗೆ ಬಂದಾಗ ಅವಳು ಅಲ್ಲಿಂದಲೇ ನೋಡಿ ಓಡಿ ಬಂದಳು. ಅವರು ನಮ್ಮೆದುರು ನಿಂತು ಓದಿದರು. ಇವರು ಮೂಗು ಒರೆಸಿಕೊಂಡು, ಅವರ ಬಾಯನ್ನೇ ನೋಡುತ್ತ, ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡಿದರು. "ಮೌಖಿಕದಲ್ಲಿ ನೂರಕ್ಕೆ ಎಪ್ಪತ್ತೊಂದು. ಪಾಸು. ಸಹಿ ಮಾಡಿ ಹೋಗಿ."

ಅವಳು ಪರದೆ ನೋಡಿದಳು. ಕುಣಿಯಲಿಲ್ಲ, ಅಳಲಿಲ್ಲ. ಇವರ ಮುಖ ನೋಡಿ, ಮೆಲ್ಲಗೆ ಕೇಳಿದಳು:

"ಇದು ಅವರೇ ಹೇಳಿದ್ದಾ?"

ಇವರು ಹೌದು ಎಂದು ಟೈಪು ಮಾಡಲಿಲ್ಲ. ಎದ್ದು ನಿಂತು, ಗುಮಾಸ್ತರ ಕೈಯಿಂದ ಆ ಕಾಗದವನ್ನೇ ಕೇಳಿ ಈಸಿಕೊಂಡು, ಅವಳ ಕಡೆ ತಿರುಗಿಸಿ ಹಿಡಿದರು. ಅವಳು ಅಂಕಿಯ ಮೇಲೆ ಬೆರಳಿಟ್ಟು ಓದಿಕೊಂಡಳು. ಸಹಿ ಮಾಡಿದಳು. ನಮಗೆ ಹೋಗಿ ಬರುತ್ತೇನೆ ಎನ್ನದೆ ಮೆಟ್ಟಿಲಿಳಿದು ಹೋದಳು.

ಅದಾಗಿ ಮೂರು ವಾರ. ಇವರ ಕಿವಿಗೆ ಡಾಕ್ಟರು ಯಂತ್ರ ಬರೆದುಕೊಟ್ಟಿದ್ದಾರೆ. ನನ್ನ ಹಲ್ಲು ಮತ್ತೆ ಸರದಿಯ ಕೊನೆಗೆ ಹೋಗಿ ನಿಂತಿದೆ. ಸೌಟು ಅಡುಗೆಮನೆಗೆ ಬಂತು. ತಮ್ಮ ಒಂದು ದಿನ, "ಏನ್ ಭಾವ, ಡಿಸ್ಕು ದುಡ್ಡಿಗೆ ಸರಿಹೋಯ್ತಾ?" ಎಂದು ಕೇಳಿದ. ಇವರು, "ಯಾರನ್ನ? ನನ್ನನ್ನಾ ಕೇಳ್ತಿರೋದು?" ಎಂದರು. ಆಮೇಲೆ, ಗೊತ್ತಿಲ್ಲಪ್ಪ ಎಂದು ಎದ್ದು ಹೋದರು. ಹುಡುಗಿಯಿಂದ ಸುದ್ದಿಯಿರಲಿಲ್ಲ. ಇವರು ದಿನಕ್ಕೆ ನೂರು ಸಲ ಫೋನು ನೋಡುತ್ತಿದ್ದರು, ಮೂರು ಸಲ ಬೀಗ ಎಳೆಯುವುದನ್ನೂ ಮರೆತಿದ್ದರು.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಮಿಣುಕಿತು. ಇವರು ಓದಿ, ಫೋನನ್ನು ನನ್ನ ಕಡೆ ಸರಿಸಿದರು. ಅವಳೇ ಬರೆದಿದ್ದಳು.

"ಗುರುವಾರ ಹತ್ತಕ್ಕೆ ಆಸ್ಪತ್ರೆ ಕೆಲಸದ ಇಂಟರ್‌ವ್ಯೂ. ಬನ್ನಿ. ಕೇಳಿಸದಿದ್ರೆ ಕೈ ಎತ್ತಿ."